ಬಾಯಮ್ಮನ ಪಿಸ್ತೂಲು

ಮೊನ್ನೆ ಮಂಗಳೂರಿನಿಂದ ಪೊರ್ಬುಗಳ ಫೋನ್ ಬಂತು. "ಹೋದ್ಳು ಮಾರಾಯ," ಎಂದರು.

ಅವರ ಹೆಂಡತಿ ಬಾಯಮ್ಮನ ವಿಷಯವೆಂದು ಕೇಳದೆಯೇ ತಿಳಿಯಿತು. ಅವರೇ ಮುಂದುವರಿಸಿದರು. "ಕಷ್ಟ ಎಂತದೂ ಪಡ್ಲಿಲ್ಲ. ಬೆಳಿಗ್ಗೆ ಡಾಕ್ಟ್ರು ನೋಡ್ಲಿಕ್ಕೆ ಬಂದಿದ್ರು. ಅವರ ಎದುರಿನ ಹಲ್ಲಿನ ಕ್ಯಾಪ್ ಸರಿ ಕೂತಿಲ್ಲ, ಯಾವ ಕತ್ತೆ ಮಾಡಿದ್ದು ಇದನ್ನು ಅಂತ ಕೇಳಿದ್ಳು. ಮಧ್ಯಾಹ್ನ ಹೋದ್ಳು."

ಅಳಬೇಕಾದಲ್ಲಿ ನನಗೆ ನಗು ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಆ ಕಡೆಯಿಂದ ಪೊರ್ಬುಗಳೂ ನಕ್ಕರು. ನಗುತ್ತ ನಗುತ್ತ ಅವರ ಸ್ವರ ಒಡೆಯಿತು.

ನಮ್ಮ ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ಹಳೆಯ ರೂಢಿ. ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ ನಾನು ಹೊಸದಾಗಿ ಬಂದಾಗ, ಮೇಲಿನ ಮಹಡಿಯಿಂದ ಇಳಿದು ಬಂದ ಒಬ್ಬ ಗುಜ್ಜಾರಿ ಹೆಂಗಸು ನನ್ನ ಮಾತಿನ ಧಾಟಿ ಕೇಳಿ, "ಕಾರ್ಕಳವಾ?" ಎಂದರು. ಹೌದು ಎಂದೆ. ಏನೆಂದು ಕರೆಯಲಿ ಎಂದು ನಾನು ತಡವರಿಸುವುದನ್ನು ಕಂಡು, "ಊರಲ್ಲಿ ನಮ್ಮನ್ನು ಬಾಯಮ್ಮ ಅಂತ ತಾನೇ ಕರೆಯುದು? ಹಾಗೇ ಕರಿ. ಇಲ್ಲಿ ಎಲ್ಲರೂ ಹೆಸರು ಹಿಡಿದು ಕರೆದು ಕರೆದು ನನಗೆ ನನ್ನ ಹೆಸರೇ ಸಾಕಾಗಿಹೋಗಿದೆ," ಎಂದರು. ಅವರ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ನನಗಿಂತ ಹಿರಿಯ ಎಂಜಿನಿಯರ್. ಬಾಯಮ್ಮ ರೈಲಿನಲ್ಲಿ ಪಕ್ಕದ ಯೆವ್ಲೆ ಊರಿಗೆ ಹೋಗಿ ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಿದ್ದರು. ಆ ಸೀಮೆಯ ಎಷ್ಟೋ ಮುದುಕರು ಬಾಯಮ್ಮನ ಹಲ್ಲಿನಿಂದಲೇ ಬ್ರೆಡ್ಡು ಕಡಿಯುತ್ತಿದ್ದರು.

ಅವರ ಕೈಗೆ ಪಿಸ್ತೂಲು ಬಂದದ್ದು ನೇಯ್ಗೆಯ ದಾರಿಯಿಂದ.

ಒಮ್ಮೆ ಮ್ಯೂಸಿಯಮ್ಮಿನಲ್ಲಿ ಕೈಮಗ್ಗ ನೋಡಿ ಅವರಿಗೆ ಅದರ ಹುಚ್ಚು ಹಿಡಿದಿತ್ತು. ಮಗ್ಗದ ಲಾಳಿಗೆ ಸ್ವೀಡಿಷಿನಲ್ಲಿ 'ಶ್ಯುಟ್ಟೆಲ್' ಎನ್ನುತ್ತಾರೆ ಎಂದು ಅಲ್ಲಿಯೇ ಕಲಿತರು. ಸ್ವಲ್ಪ ದಿನದ ಮೇಲೆ ಲೈಬ್ರರಿಯ ಬೋರ್ಡಿನಲ್ಲಿ 'ಹೊಸಬರಿಗೆ ಶ್ಯುಟ್ಟೆ' ಎಂಬ ಚೀಟಿ ಕಂಡಿತು. ಕೊನೆಯ ಅಕ್ಷರ ಪ್ರಿಂಟಿನವರು ತಿಂದಿದ್ದಾರೆ ಎಂದುಕೊಂಡು ಬಾಯಮ್ಮ ತಮ್ಮ ಪೆನ್ನಿನಿಂದ ಅದನ್ನು ಅಲ್ಲೇ ತಿದ್ದಿದರು. ಫೋನ್ ಮಾಡಿ ಹೆಸರು ಕೊಟ್ಟರು. ಸಾಮಾನು ತರಬೇಕೇ ಎಂದು ಕೇಳಿದಾಗ, ಬೇಡ, ಎಲ್ಲ ಕ್ಲಬ್ಬಿನಲ್ಲೇ ಇದೆ ಎಂದರಂತೆ. ಆದರೂ ಖಾಲಿ ಕೈಯಲ್ಲಿ ಹೋಗುವುದು ಹೇಗೆಂದು ಒಂದು ಚೀಲದ ತುಂಬ ಉಣ್ಣೆಯ ಉಂಡೆಗಳನ್ನು ತೆಗೆದುಕೊಂಡು ಹೋದರು.

ಶ್ಯುಟ್ಟೆ ಎಂದರೆ ಗುಂಡು ಹೊಡೆಯುವುದು.

"ಒಂದು ನೆಲಮಾಳಿಗೆ, ಮಾರಾಯ. ಬಾಗಿಲಲ್ಲಿ ಒಬ್ಬ ಅಜ್ಜ ಕಿವಿಗೆ ಹಾಕುವ ಮಫ್ ಕೊಟ್ಟ. ಇಲ್ಲಿಯ ಮಗ್ಗದ ಸದ್ದು ಜೋರು ಇರ್ಬೇಕು ಅಂತ ನಾನು ಹಾಕಿಕೊಂಡೆ," ಎಂದು ಬಾಯಮ್ಮ ಹೇಳುತ್ತಿದ್ದರು. ಒಳಗೆ ಮೇಜಿನ ಮೇಲೆ ಸಾಲಾಗಿ ಪಿಸ್ತೂಲುಗಳು. ಎಲ್ಲರೂ ಅವರ ಉಣ್ಣೆಯ ಚೀಲ ನೋಡುತ್ತಿದ್ದರು. ಇದು ಯಾಕೆ ಎಂದು ಅಜ್ಜ ಕೇಳಿದ. "ಕೈ ಬೆಚ್ಚಗಿರ್ಲಿಕ್ಕೆ," ಎಂದರು ಬಾಯಮ್ಮ. ತಪ್ಪಾಯಿತು ಎಂದು ತಿರುಗಿ ಬರುವ ಜಾಯಮಾನ ಅವರದಲ್ಲ.

ಆ ದಿನ ಪಕ್ಕದಲ್ಲಿ ನಿಂತು ಹೊಡೆಯುತ್ತಿದ್ದವಳು ಗುನಿಲ್ಲಾ. ಊರಿನ ಬಸ್ ಡ್ರೈವರ್, ಬಾಗಿಲು ತುಂಬುವಷ್ಟು ದೊಡ್ಡ ಹೆಂಗಸು. ಐದು ಗುಂಡು ಹೊಡೆದು, ತನ್ನ ಗುರಿಹಾಳೆಯನ್ನು ತಂದು ತೂತುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಬಾಯಮ್ಮನ ಕಡೆ ತಿರುಗಿ, "ಆರು," ಎಂದಳು. ಬಾಯಮ್ಮನ ಹಾಳೆಯಲ್ಲಿ ಒಂದೂ ಇರಲಿಲ್ಲ. ಅವರಿಬ್ಬರ ನಡುವೆ ಮುಂದಿನ ಕೆಲವು ತಿಂಗಳು ನಡೆದ ಮಾತು ಅಷ್ಟೇ.

ನಾನಾಗಿದ್ದರೆ ಮರುದಿನ ಹೋಗುತ್ತಿರಲಿಲ್ಲ. ಬಾಯಮ್ಮ ಹೋದರು. "ಒಂದು ಬೆರಳು ಅಲ್ಲಾಡಿಸುವ ಕೆಲಸ. ಅದೂ ನನಗೆ ಆಗುದಿಲ್ಲ ಅಂದ್ರೆ ತಪ್ಪು ನನ್ನದಲ್ಲ, ಹಿಡಿಯದ್ದು," ಎಂದು ಅವರ ವಾದ. ಕ್ಲಬ್ಬಿನ ಪಿಸ್ತೂಲುಗಳ ಹಿಡಿಯೆಲ್ಲ ಗುನಿಲ್ಲಾಳಂಥವರ ಅಂಗೈಗೆ ಮಾಡಿದ್ದು. ಬಾಯಮ್ಮನದು ಚಿಕ್ಕ ಕೈ. ಸಾಲದ್ದಕ್ಕೆ ಲ್ಯಾಬಿನಲ್ಲಿ ಕಟ್ಟುಹಲ್ಲು ಉಜ್ಜಿ ಉಜ್ಜಿ ಹೆಬ್ಬೆರಳಿನ ಗಂಟು ಸವೆದು ಆಗಾಗ ನೋಯುತ್ತಿತ್ತು. "ಹಿಡಿ ಅಂದ್ರೆ ಒಳ್ಳೆ ಕಟ್ಟುಹಲ್ಲಿನ ಹಾಗೆ ಇರ್ಬೇಕು. ಇದ್ದದ್ದೇ ಮರೆತುಹೋಗ್ಬೇಕು. ಇದು ಹಿಡಿಯಲ್ಲ, ಒನಕೆ."

ಒಂದು ಶನಿವಾರ ನನ್ನನ್ನು ಮೇಲೆ ಕರೆದರು. ಅಡುಗೆಮನೆಯ ಮೇಜಿನ ಮೇಲೆ ಒಂದು ಬೋಗುಣಿ, ನೀರು, ಬಾಯಿಯ ಅಚ್ಚು ತೆಗೆಯುವ ಪುಡಿ. "ನಾನು ಹೇಳಿದ ಕೂಡ್ಲೆ ಕಲಸು, ನಿಲ್ಲಿಸ್ಬೇಡ, ಮಾತಾಡ್ಬೇಡ," ಎಂದರು. ಪುದೀನ ವಾಸನೆಯ ಗುಲಾಬಿ ಬಣ್ಣದ ಹಿಟ್ಟು ಸಿದ್ಧವಾಯಿತು. ಒಂದು ಮರದ ತುಂಡನ್ನು ಪಿಸ್ತೂಲಿನಂತೆ ಹಿಡಿದು ಅದರಲ್ಲಿ ಕೈ ಅದ್ದಿ ಕೂತರು. ಕಣ್ಣು ಮುಚ್ಚಿದ್ದರು. ಹಿಟ್ಟು ಗಟ್ಟಿಯಾದ ಮೇಲೆ ಕೈ ಬಿಡಿಸಿಕೊಂಡು ಒಳಗೆ ಪ್ಲಾಸ್ಟರ್ ಸುರಿದರು. ಮೊದಲನೆಯದು ಅವರಿಗೆ ಹಿಡಿಸಲಿಲ್ಲ. ಎರಡನೆಯದು, ಮೂರನೆಯದು ಆಯಿತು. ಕೆಲವು ದಿನಗಳಲ್ಲಿ ಅವರ ಅಡುಗೆಮನೆಯ ಶೆಲ್ಫಿನಲ್ಲಿ ಸಾಸಿವೆ ಡಬ್ಬಿ, ಮೆಂತ್ಯ ಡಬ್ಬಿಗಳ ನಡುವೆ ಬಿಳಿಯ ಮುಷ್ಟಿಗಳು ಸಾಲಾಗಿ ನಿಂತವು.

ನನ್ನ ಹೆಂಡತಿ ಶ್ವೇತಾ ಬೆಂಗಳೂರಿನವಳು. ಹೆಪ್ಪಿಗೆ ಮೊಸರು ತರಲೆಂದು ಮೇಲೆ ಹೋದವಳು ಖಾಲಿ ಬಟ್ಟಲು ಹಿಡಿದು ಓಡಿ ಬಂದಳು.

"ರೀ, ಅವ್ರ ಮನೇಲಿ ಕೈಗಳಿವೆ."

"ಎಲ್ಲರ ಮನೆಯಲ್ಲೂ ಇರುತ್ತೆ."

"ತಮಾಷೆ ಬೇಡ. ಮೆಂತ್ಯದ ಪಕ್ಕ ಇಟ್ಟಿದಾರೆ."

ಹೀಗೆ ಹುಟ್ಟಿದ ಮೊದಲ ಹಿಡಿ ಮರದ್ದಲ್ಲ. ಕೈಗೆ ಒಗ್ಗಿದ ವಸ್ತುವೆಂದು ಬಾಯಮ್ಮ ಅದನ್ನು ಕಟ್ಟುಹಲ್ಲಿನ ವಸಡಿಗೆ ಬಳಸುವ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಕ್ಲಬ್ಬಿನ ಕಪ್ಪು ಉಕ್ಕಿನ ಪಿಸ್ತೂಲು, ಅದಕ್ಕೆ ಹಸಿ ವಸಡಿನ ಬಣ್ಣದ ಹಿಡಿ. ನೋಡಿದರೆ ಈಗ ಬಾಯಿ ತೆರೆಯುತ್ತದೇನೋ ಅನ್ನಿಸುತ್ತಿತ್ತು. ಕ್ಲಬ್ಬಿನವರು ಅದಕ್ಕೆ 'ವಸಡು' ಎಂದೇ ಹೆಸರಿಟ್ಟರು. ಆದರೆ ನಗು ಬಹಳ ದಿನ ನಡೆಯಲಿಲ್ಲ. ಬಾಯಮ್ಮನ ಗುಂಡುಗಳು ಮೊದಲು ಹಾಳೆಗೆ ಬಂದವು, ಆಮೇಲೆ ಕಪ್ಪು ವೃತ್ತದ ಒಳಗೆ ಬಂದವು. ಸ್ವೀಡನ್ನಿನಲ್ಲಿ ಸ್ವಂತ ಪಿಸ್ತೂಲಿಗೆ ಅರ್ಜಿ ಹಾಕಬೇಕಾದರೆ ಕ್ಲಬ್ಬಿನಲ್ಲಿ ಪಳಗಿರಬೇಕು, ಚಿನ್ನದ ಬ್ಯಾಜು ಗೆದ್ದಿರಬೇಕು. ವಸಡು ಹಿಡಿದುಕೊಂಡೇ ಬಾಯಮ್ಮ ಅದನ್ನು ಗೆದ್ದರು.

ಈ ಸಂಗತಿ ದೇವರಿಗೆ ಒಪ್ಪಿಗೆಯೋ ಇಲ್ಲವೋ ಎಂಬ ಅನುಮಾನ ಮಾತ್ರ ಅವರನ್ನು ಕಾಡಿತು. ಚರ್ಚಿನ ಪೋಲೆಂಡ್ ಮೂಲದ ಪಾದ್ರಿಯ ಬಳಿ ಹೋಗಿ, ಫಾದರ್, ನಾನು ಪಿಸ್ತೂಲು ಮಾಡಿಸಬೇಕೆಂದಿದ್ದೇನೆ, ಪಾಪವೇ ಎಂದು ಕೇಳಿದರು. ಪಾದ್ರಿ ಬಹಳ ಹೊತ್ತು ಯೋಚಿಸಿ, "ಕ್ಯಾಲಿಬರ್ ಎಷ್ಟು?" ಎಂದರಂತೆ. ಹಾಳೆಗೆ ಹೊಡೆಯುವ ಸಣ್ಣ ಗುಂಡಿನ ಕ್ಯಾಲಿಬರ್ ಎಂದು ತಿಳಿದ ಮೇಲೆ ಆಶೀರ್ವಾದ ಮಾಡಿದರು.

ಬಂದೂಕಿನ ಕಮ್ಮಾರ ಬೆರ್ತಿಲ್. ಮೊದಲ ದಿನ ಬಾಗಿಲಲ್ಲಿ ಮಫ್ ಕೊಟ್ಟ ಅಜ್ಜ ಅವನೇ. ಊರಾಚೆಯ ಕೆಂಪು ಶೆಡ್ಡಿನಲ್ಲಿ ಅವನ ಲೈಸೆನ್ಸ್ ಇರುವ ವರ್ಕ್‌ಶಾಪು. ಬೇಟೆಯವರ ರೈಫಲ್ಲು ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ. ಆ ಕಡೆಯ ಹಳಬರಂತೆ, ಹೌದು ಎನ್ನಬೇಕಾದಲ್ಲಿ ತುಟಿ ಚೂಪು ಮಾಡಿ ಗಾಳಿಯನ್ನು 'ಶುಪ್' ಎಂದು ಒಳಗೆ ಎಳೆದುಕೊಳ್ಳುತ್ತಿದ್ದ. ಬಾಯಮ್ಮ ಅದು ಉಬ್ಬಸವೆಂದು ತಿಳಿದು ಮೊದಲ ವಾರವೇ ಅವನಿಗೆ ಎದೆಗೆ ಹಚ್ಚುವ ಮುಲಾಮಿನ ಡಬ್ಬಿ ಕೊಟ್ಟಿದ್ದರು. ಅವನು ಶುಪ್ ಎಂದು ತೆಗೆದುಕೊಂಡಿದ್ದ.

ಬೆರ್ತಿಲನ ಅಟ್ಟದಲ್ಲಿ ಮಾಸುರ್ ಬರ್ಚ್ ಮರದ ಒಂದು ಹಲಗೆ ಇತ್ತು. ಬರ್ಚ್ ಮರ ಕೆಲವೊಮ್ಮೆ ಯಾಕೋ ಸೊಟ್ಟ ಬೆಳೆದು ಒಳಗೆಲ್ಲ ಕಂದು ಸುಳಿಗಳು ಮೂಡುತ್ತವೆ, ಅಂಥದ್ದು. ಅವನ ತಂದೆಯ ಕಾಲದಿಂದ ಒಣಗುತ್ತ ಕೂತಿತ್ತು. ಅದನ್ನು ಕೇಳಿದವರಿಗೆಲ್ಲ ಬೆರ್ತಿಲ್ ಇಲ್ಲ ಎಂದಿದ್ದ. ಬಾಯಮ್ಮ ಕೇಳಲಿಲ್ಲ. ಅವನು ಕಾಫಿ ಕುಡಿಯುವುದನ್ನೇ ನೋಡುತ್ತ ಕೂತಿದ್ದು, "ನಿನ್ನ ಕೆಳಗಿನ ಸೆಟ್ಟು ತೇಲ್ತಾ ಉಂಟು," ಎಂದರು. ತಮ್ಮ ಲ್ಯಾಬಿಗೆ ಕೆಲಸ ಕೊಡುವ ದಂತವೈದ್ಯರ ಬಳಿ ಅವನನ್ನು ಎಳೆದುಕೊಂಡು ಹೋಗಿ ಅಳತೆ ಕೊಡಿಸಿ, ತಾವೇ ಹೊಸ ಸೆಟ್ಟು ಮಾಡಿಕೊಟ್ಟರು. ಬೆರ್ತಿಲ್ ಇಷ್ಟು ವರ್ಷ ಮಾತಾಡದಿದ್ದುದು ಸ್ವಭಾವದಿಂದಲ್ಲ, ಹಲ್ಲು ಜಾರೀತೆಂಬ ಹೆದರಿಕೆಯಿಂದ ಎಂದು ಆಗ ಗೊತ್ತಾಯಿತು. ಹೊಸ ಹಲ್ಲು ಬಂದದ್ದೇ ಅವನು ಮಾತಾಡತೊಡಗಿದ. ಮೀನು, ಮಂಜು, ಪುರಸಭೆಯ ರಸ್ತೆ ಕೆಲಸ, ಎಲ್ಲದರ ಬಗ್ಗೆ. ಅವನ ಹೆಂಡತಿ ಬಾಯಮ್ಮನಿಗೆ ಫೋನ್ ಮಾಡಿ, ಹಳೆಯ ಸೆಟ್ಟು ಇದ್ದರೆ ವಾಪಸು ಕೊಡುತ್ತೀಯಾ ಎಂದು ಕೇಳಿದಳಂತೆ. ಹಲಗೆ ತಾನಾಗಿ ಅಟ್ಟದಿಂದ ಇಳಿಯಿತು.

ಆ ಚಳಿಗಾಲವೆಲ್ಲ ಪ್ರತಿ ವಾರಾಂತ್ಯ ಬಾಯಮ್ಮ ಶೆಡ್ಡಿನಲ್ಲಿ. ಬಂದೂಕಿನ ಆ ಶೆಡ್ಡಿನ ಕಡೆ ಕಾರು ಓಡಿಸಲು ಪೊರ್ಬುಗಳು ಒಪ್ಪುತ್ತಿರಲಿಲ್ಲವಾಗಿ ಸಾರಥ್ಯ ನನ್ನದು. ಹಳೆಯ ಸ್ಪರ್ಧೆಯ ಪಿಸ್ತೂಲೊಂದರ ದೇಹಕ್ಕೆ ಬೆರ್ತಿಲ್ ಹೊಸ ನಳಿಗೆ ಕೂರಿಸುತ್ತಿದ್ದ. ಒಳಗಿನ ಕೆಲಸವೆಲ್ಲ ಲೈಸೆನ್ಸ್ ಇರುವ ಅವನದೇ. ಅದನ್ನು ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಹೊರಮೈ ಮಾತ್ರ, ಅವನ ಕಣ್ಣೆದುರಿಗೆ, ಬಾಯಮ್ಮನ ಪಾಲು. ಹಲ್ಲಿಗೆ ಹೊಳಪು ಕೊಡುವ ಸಣ್ಣ ಚಕ್ರಗಳು, ಬ್ರಷ್ಷುಗಳು, ಬೂದು ಬಣ್ಣದ ಪೇಸ್ಟು ತಂದು ಅವರು ಉಕ್ಕನ್ನು ಉಜ್ಜಲು ಕೂತರೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಉಜ್ಜುವುದು, ದೀಪಕ್ಕೆ ಹಿಡಿಯುವುದು, ನಾಲಿಗೆಯಲ್ಲಿ ಚ್ಚ ಎನ್ನುವುದು, ಮತ್ತೆ ಉಜ್ಜುವುದು. ಪಿಸ್ತೂಲಿನ ಭಾಗಗಳಿಗೆ ಅವರದೇ ಹೆಸರುಗಳು. ನಳಿಗೆಯ ತುದಿಯ ಗುರಿಮೊಳೆ ಕೋರೆಹಲ್ಲು. ಬೆರಳಿನಿಂದ ಎಳೆಯುವ ಕುದುರೆ ಕಿರುನಾಲಿಗೆ.

ಹೊಳಪಿನ ವಿಷಯದಲ್ಲಿ ದೊಡ್ಡ ಜಗಳವಾಯಿತು. ಬಾಯಮ್ಮನಿಗೆ ಇಡೀ ಪಿಸ್ತೂಲು ಎದುರಿನ ಹಲ್ಲಿನ ಹಾಗೆ ಮಿಂಚಬೇಕು. ಬೆರ್ತಿಲನಿಗೆ ಮೇಲ್ಮೈ ಮಂಕಾಗಿರಬೇಕು. ಮಿಂಚಿದರೆ ಗುರಿ ಹಿಡಿಯುವಾಗ ಕಣ್ಣು ಕೋರೈಸುತ್ತದೆ.

"ಮಿಂಚದಿದ್ರೆ ಕೆಲಸ ಮುಗಿದಿಲ್ಲ ಅಂತ ಅರ್ಥ," ಎಂದರು ಬಾಯಮ್ಮ.

"ಮಿಂಚಿದರೆ ನಿನಗೆ ಗುರಿ ಕಾಣುವುದಿಲ್ಲ ಎಂದು ಅರ್ಥ," ಎಂದ ಬೆರ್ತಿಲ್.

"ಈಗ ಎಷ್ಟು ಕಾಣ್ತದೆ ಅಂತ!"

ಕೊನೆಗೆ ಮೇಲ್ಭಾಗ ಬೆರ್ತಿಲನಿಗೆ, ಎರಡು ಪಕ್ಕ ಬಾಯಮ್ಮನಿಗೆ ಎಂದು ರಾಜಿಯಾಯಿತು. ಆಮೇಲೆ ಉಕ್ಕಿಗೆ ನೀಲಿ ಹಿಡಿಸುವ ಕೆಲಸ. ಅದು ಬೆರ್ತಿಲನದು. ತುಕ್ಕು ಹಿಡಿಸಿ, ಕುದಿಸಿ, ತಿಕ್ಕಿ, ಮತ್ತೆ ಅದೇ. ಕೊನೆಯ ಸಲ ಬಟ್ಟೆ ಸರಿಸಿ ತೋರಿಸಿದಾಗ ಬಾಯಮ್ಮ ಅದನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, ಕೊಂಕಣಿಯಲ್ಲಿ ದೇವರನ್ನು ಕರೆಯುತ್ತ, "ಸಾಯ್ಬಾ, ನೇರಳೆ ಹಣ್ಣಿನ ಹಾಗೆ ಆಗಿದೆಯಲ್ಲ," ಎಂದರು. ಬೆರ್ತಿಲನಿಗೆ ನೇರಳೆ ಹಣ್ಣೆಂದರೇನೆಂದು ವಿವರಿಸುವಷ್ಟರಲ್ಲಿ ಕತ್ತಲಾಗಿತ್ತು. ಬಾಯಮ್ಮ ತಾವೇ ಕೆತ್ತಿದ ಮಾಸುರ್ ಬರ್ಚಿನ ಹಿಡಿಯನ್ನು ಕೂರಿಸಿದ ಮೇಲೆ ನಾನೂ ಹಿಡಿದು ನೋಡಿದೆ. ನನ್ನ ಬೆರಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟ ಹಾಗಾಯಿತು.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ, ನಿಮಗೆ ಪಿಸ್ತೂಲು ಯಾಕೆ ಬೇಕು ಎಂದು ಕೇಳಿದರಂತೆ. "ಹಿಡಿ ಸರಿ ಉಂಟಾ ಅಂತ ನೋಡ್ಲಿಕ್ಕೆ," ಎಂದು ಬಾಯಮ್ಮ ಸತ್ಯ ಹೇಳಿದರು. ಅಧಿಕಾರಿ ಬಹಳ ಹೊತ್ತು ಏನೋ ಬರೆದರು. ಆದರೂ ಲೈಸೆನ್ಸ್ ಬಂತು.

ಇನ್ನು ಪೊರ್ಬುಗಳ ಪಾಡು. ಅವರು ಪಟಾಕಿಗೆ ಹೆದರುವ ಮನುಷ್ಯ. ಹೊಸ ವರ್ಷದ ಹಿಂದಿನ ರಾತ್ರಿ ಊರೆಲ್ಲ ಬಾಣ ಬಿರುಸು ಬಿಡುವಾಗ ಅವರು ಬಾತ್‌ರೂಮಿನಲ್ಲಿ ಫ್ಯಾನ್ ಹಾಕಿಕೊಂಡು ಕೂರುತ್ತಿದ್ದರು. ಅಂಥವರ ಮಲಗುವ ಕೋಣೆಗೆ ಪಿಸ್ತೂಲಿಡುವ ಉಕ್ಕಿನ ಕಪಾಟು ಬಂತು. ನಾನು, ಪೊರ್ಬುಗಳು, ಬೆರ್ತಿಲ್ ಮೂವರು ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದೆವು. ಬಾಯಮ್ಮ ಮುಂದೆ ನಿಂತು, "ಗೋಡೆಗೆ ತಾಗಿಸ್ಬೇಡಿ, ಗೋಡೆಗೆ ತಾಗಿಸ್ಬೇಡಿ," ಎನ್ನುತ್ತಿದ್ದರು. ಅಷ್ಟು ಗಟ್ಟಿಮುಟ್ಟಾದ ಕಪಾಟಿನಲ್ಲಿ ಒಂದೇ ಒಂದು ಪಿಸ್ತೂಲು ಇಡುವುದು ದಂಡ ಎಂದು ಅವರು ತಮ್ಮ ಚಿನ್ನ, ಮನೆಯ ಕಾಗದ, ಇಬ್ಬರ ಪಾಸ್‌ಪೋರ್ಟು, ಎಲ್ಲವನ್ನೂ ಅದರಲ್ಲೇ ತುಂಬಿದರು. ಕಾನೂನಿನಂತೆ ಲೈಸೆನ್ಸ್ ಇದ್ದವರ ಹೊರತು ಇನ್ನಾರ ಕೈಗೂ ಕೀಲಿ ಸಿಗಬಾರದು, ಗಂಡನಿಗೂ. ಬಾಯಮ್ಮ ಕೀಲಿಯನ್ನು ಕೊರಳಿನ ಶಿಲುಬೆಯ ಜೊತೆ ಪೋಣಿಸಿಕೊಂಡರು.

"ನನ್ನ ಪಾಸ್‌ಪೋರ್ಟ್ ಬೇಕಾದ್ರೆ?" ಎಂದು ಪೊರ್ಬುಗಳು ಕೇಳಿದರು.

"ನನ್ನನ್ನು ಕೇಳುದು."

"ನೀನು ಇಲ್ಲದಿದ್ರೆ?"

"ನಾನು ಎಲ್ಲಿಗೆ ಹೋಗ್ತೇನೆ?"

ಅವರು ಎಲ್ಲಿಗೆ ಹೋಗುತ್ತಾರೆಂಬುದು ಮುಂದಿನ ಬೇಸಿಗೆಯಲ್ಲಿ ತಿಳಿಯಿತು. ಜಿಲ್ಲಾ ಮಟ್ಟದ ಸ್ಪರ್ಧೆ. ಊರಿನಿಂದ ಹೊರಗೆ, ಕಾಡಿನಂಚಿನ ಬಯಲಿನಲ್ಲಿ. ಬಾಯಮ್ಮ ಬೆಳಿಗ್ಗೆಯೇ ಬೆರ್ತಿಲನ ವ್ಯಾನಿನಲ್ಲಿ ಹೋದರು. ಅದೇ ದಿನ ಮಧ್ಯಾಹ್ನದ ವಿಮಾನಕ್ಕೆ ಪೊರ್ಬುಗಳು ಕಾರ್ಖಾನೆಯ ಕೆಲಸದ ಮೇಲೆ ಪುಣೆಗೆ ಹೊರಡಬೇಕು. ಸ್ಟಾಕ್‌ಹೋಮಿನ ವಿಮಾನ ನಿಲ್ದಾಣಕ್ಕೆ ಬಿಡಲು ನಾನು ಕಾರು ತೆಗೆದೆ. ಸೂಟ್‌ಕೇಸ್ ಡಿಕ್ಕಿಗೆ ಹಾಕಿ, ಸೀಟ್ ಬೆಲ್ಟ್ ಕಟ್ಟಿಕೊಂಡು, ಜೇಬು ಮುಟ್ಟಿ ನೋಡಿದ ಪೊರ್ಬುಗಳ ಮುಖ ಸುಣ್ಣದಂತಾಯಿತು.

"ಪಾಸ್‌ಪೋರ್ಟ್," ಎಂದರು.

ಫೋನ್ ಮಾಡಿದೆವು. ಸ್ಪರ್ಧೆಯ ಹೊತ್ತಿಗೆ ಫೋನ್ ಬಂದ್. ಬೆರ್ತಿಲನದೂ ಬಂದ್. ಬೇರೆ ದಾರಿಯಿಲ್ಲದೆ ನಾನು ಬಯಲಿನ ಕಡೆ ಕಾರು ತಿರುಗಿಸಿದೆ. ದಾರಿಯುದ್ದಕ್ಕೂ ಪೊರ್ಬುಗಳು ಪಠಿಸಿದ್ದು ಜಪವೋ ಬೈಗುಳವೋ ನನಗೆ ತಿಳಿಯಲಿಲ್ಲ, ಕೊಂಕಣಿಯಲ್ಲಿತ್ತು. ಬಯಲು ಹತ್ತಿರವಾದಂತೆ ಗುಂಡಿನ ಸದ್ದು ಕೇಳಿಸಿತು. ಪೊರ್ಬುಗಳು ಸೀಟಿನಲ್ಲೇ ಕುಗ್ಗಿದರು. "ನೀನು ಹೋಗಿ ಹೇಳು ಮಾರಾಯ, ನಾನು ಇಲ್ಲೇ ಕೂತಿರ್ತೇನೆ."

"ನಾನು ಹೇಳಿದರೆ ಸ್ಪರ್ಧೆ ಬಿಟ್ಟು ಬರುತ್ತಾರಾ?"

ಅವರು ಯೋಚಿಸಿದರು. ಇಳಿದರು.

ಗೇಟಿನಲ್ಲಿ ಬೆರ್ತಿಲ್ ನಮ್ಮನ್ನು ತಡೆದು ಇಬ್ಬರ ಕಿವಿಗೂ ಮಫ್ ಹಾಕಿದ. ಬಾಯಮ್ಮ ಸಾಲಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಗುನಿಲ್ಲಾ. ಇನ್ನು ಕೆಲವು ಸುತ್ತು ಬಾಕಿ ಇದೆ, ಬಾಯಮ್ಮ ಎಂದೂ ಹೊಡೆಯದಷ್ಟು ಚೆನ್ನಾಗಿ ಹೊಡೆಯುತ್ತಿದ್ದಾಳೆ ಎಂದು ಬೆರ್ತಿಲ್ ಬೆರಳ ಸನ್ನೆಯಲ್ಲೇ ಹೇಳಿದ. ಒಂದು ಸುತ್ತು ಮುಗಿದು ಬಾಯಮ್ಮ ತಿರುಗಿದಾಗ ಬೇಲಿಯ ಆಚೆ ನಿಂತ ಗಂಡನನ್ನು ಕಂಡರು.

ಬಾಯಮ್ಮನ ಆಗಿನ ಮುಖವನ್ನು ನಾನು ಈಗಲೂ ಮರೆತಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಕಡೆ ಸುಳಿಯದ ಮನುಷ್ಯ, ದೊಡ್ಡ ಹಳದಿ ಮಫ್ ಹಾಕಿಕೊಂಡು, ಎರಡು ಕೈಯಲ್ಲೂ ಬೇಲಿ ಹಿಡಿದುಕೊಂಡು ನಿಂತಿದ್ದಾರೆ. ಬಾಯಮ್ಮ ಬೇಲಿಯ ಬಳಿ ಬಂದರು.

"ನೀವು ಬಂದ್ರಾ?" ಎಂದರು. "ನೋಡ್ಲಿಕ್ಕೆ ಬಂದ್ರಾ?"

ನಾನು ಬಾಯಿ ತೆರೆದೆ. ಪೊರ್ಬುಗಳು ನನ್ನ ಕಾಲು ತುಳಿದರು, ಜೋರಾಗಿಯೇ ತುಳಿದರು. "ಮತ್ತೆಂತದಕ್ಕೆ?" ಎಂದರು. "ನೋಡ್ಲಿಕ್ಕೇ ಬಂದದ್ದು. ಹೋಗು, ಹೊಡಿ."

ಅಲ್ಲಿಯೇ ಒಂದು ಬೆಂಚಿನ ಮೇಲೆ ಕೂತರು. ಪ್ರತಿ ಗುಂಡಿಗೂ ಅವರ ಇಡೀ ಮೈ ಹಾರುತ್ತಿತ್ತು. ಬೆಂಚೂ ಹಾರುತ್ತಿತ್ತು. ನಾನು ಗಡಿಯಾರ ತೋರಿಸಿದರೆ ಆ ಕಡೆ ಮುಖ ತಿರುಗಿಸುತ್ತಿದ್ದರು. ಸ್ಪರ್ಧೆ ಮುಗಿದಾಗ ಗುನಿಲ್ಲಾ ಮೊದಲು, ಬಾಯಮ್ಮ ಎರಡನೆಯವರು. ಬೆಳ್ಳಿಯ ಪದಕ ಕೊರಳಿಗೆ ಹಾಕಿಸಿಕೊಂಡು, ಫೋಟೋ ಹಿಡಿಸಿಕೊಂಡು, ಬನ್ನು ಕಾಫಿ ಮುಗಿಸಿ, ಅವರು ನಗುತ್ತ ಕಾರಿನ ಬಳಿ ಬಂದು ಹಿಂದಿನ ಸೀಟಿನಲ್ಲಿದ್ದ ಬೋರ್ಡಿಂಗ್ ಕಾಗದ ಕಂಡರು.

"ಸಾಯ್ಬಾ ಭೊಗೊಸ್! ಇವತ್ತಲ್ವಾ ಪುಣೆ?"

"ಆಗಿಂದ ಇವತ್ತೇ," ಎಂದರು ಪೊರ್ಬುಗಳು.

ಮನೆಗೆ ಹಾರಿಕೊಂಡು ಬಂದೆವು. ಅಷ್ಟು ಅವಸರದಲ್ಲೂ ಬಾಯಮ್ಮ ಮೊದಲು ಪಿಸ್ತೂಲನ್ನು ಒರೆಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ ಮೇಲೆಯೇ ಪಾಸ್‌ಪೋರ್ಟ್ ಹೊರಗೆ ತೆಗೆದರು. ವಿಮಾನ ತಪ್ಪಿತು. ಪೊರ್ಬುಗಳು ಬಾಸಿಗೆ ಫೋನ್ ಮಾಡಿ ಇದ್ದುದನ್ನು ಇದ್ದ ಹಾಗೆ ಹೇಳಿದರು: ನನ್ನ ಪಾಸ್‌ಪೋರ್ಟ್ ಹೆಂಡತಿಯ ಪಿಸ್ತೂಲಿನ ಕಪಾಟಿನಲ್ಲಿತ್ತು, ಅವಳು ಸ್ಪರ್ಧೆಯಲ್ಲಿದ್ದಳು. ಪಿಸ್ತೂಲು ಎಂಬ ಪದವನ್ನು ಬಾಸು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, ಪರವಾಗಿಲ್ಲ, ನಾಳೆ ಹೋಗಿ ಎಂದರು. ಆ ಮೇಲೆ ನಮ್ಮ ಮೀಟಿಂಗುಗಳಲ್ಲಿ ಪೊರ್ಬುಗಳ ಮಾತಿಗೆ ಯಾರೂ ಎದುರಾಡಿದ್ದನ್ನು ನಾನು ಕಾಣೆ.

ಕೆಲವು ವರ್ಷಗಳ ಮೇಲೆ ಪೊರ್ಬುಗಳಿಗೆ ನಿವೃತ್ತಿಯಾಯಿತು. ಬಾಯಮ್ಮನ ಹೆಬ್ಬೆರಳೂ ಕೆಲಸ ಸಾಕು ಎನ್ನುತ್ತಿತ್ತು. ಮಂಗಳೂರಿಗೆ ಹೊರಡುವುದೆಂದು ನಿಶ್ಚಯವಾಯಿತು. ಪಿಸ್ತೂಲನ್ನು ಜೊತೆಗೆ ಒಯ್ಯುವ ಹಾಗಿಲ್ಲ. ಲೈಸೆನ್ಸ್ ಪಡೆಯಬಲ್ಲ ಯಾರಿಗಾದರೂ ಕೊಡಬೇಕು. ಇಲ್ಲದಿದ್ದರೆ ಪೊಲೀಸರಿಗೆ ಒಪ್ಪಿಸಬೇಕು, ಅವರು ಅದನ್ನು ಜಜ್ಜಿ ಗುಜರಿ ಮಾಡುತ್ತಾರೆ. ಆ ವಾರಗಳಲ್ಲಿ ಬಾಯಮ್ಮ ಸರಿಯಾಗಿ ಉಣ್ಣುತ್ತಿರಲಿಲ್ಲ. "ಜಜ್ಜುದಂತೆ," ಎಂದು ಒಬ್ಬರೇ ಹೇಳಿಕೊಳ್ಳುತ್ತಿದ್ದರು.

ಕೊಳ್ಳುವವರೇನೋ ಬಂದರು. ಬೆರ್ತಿಲನ ಶೆಡ್ಡಿನಲ್ಲಿ ಬಾಯಮ್ಮ ಕುರ್ಚಿ ಹಾಕಿ ಕೂತು, ಬಂದವರೆಲ್ಲರ ಕೈಯನ್ನು ಮೇಜಿನ ಮೇಲೆ ಇರಿಸಿ, ತಿರುಗಿಸಿ, ಬೆರಳು ಮಡಚಿ ನೋಡಿದರು. "ಆಗುದಿಲ್ಲ," ಎಂದು ಕಳಿಸಿದರು. ಒಬ್ಬನ ಬೆರಳು ಉದ್ದ, ಇನ್ನೊಬ್ಬನ ಅಂಗೈ ಬೆವರುತ್ತದೆ, ಮ್ಯಾನೇಜರನಂತೆ ಕಂಡ ಒಬ್ಬನದು ಸೋಮಾರಿ ಕೈ. ಬೆರ್ತಿಲ್ ಶುಪ್ ಎನ್ನುವುದನ್ನೂ ಬಿಟ್ಟು ತಲೆ ಮೇಲೆ ಕೈಹೊತ್ತು ಕೂತ. ಒಂದು ಸಂಜೆ ಬಸ್ ಡ್ರೈವರಿನ ಯೂನಿಫಾರ್ಮಿನಲ್ಲೇ ಗುನಿಲ್ಲಾ ಬಂದಳು. ಏನೂ ಹೇಳದೆ ಕೈಯನ್ನು ಮೇಜಿನ ಮೇಲೆ ಇಟ್ಟಳು.

ಬಾಯಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇವಳ ಕೈ ಒಳ್ಳೇದುಂಟು ಮಾರಾಯ. ಅದೇ ಬೇಜಾರು," ಎಂದರು.

ಉಳಿದ ಹಲಗೆಯ ತುಂಡಿನಲ್ಲಿ ಗುನಿಲ್ಲಾಳಿಗೆ ಹೊಸ ಹಿಡಿ ಮಾಡಬೇಕಾಯಿತು. ಹೊರಡುವ ತಯಾರಿಯ ರಟ್ಟಿನ ಪೆಟ್ಟಿಗೆಗಳ ನಡುವೆ, ಖಾಲಿಯಾಗುತ್ತಿದ್ದ ಅಡುಗೆಮನೆಯಲ್ಲಿ, ನಾನು ಮತ್ತೆ ಪುಡಿ ಕಲಸಿದೆ. ಗುನಿಲ್ಲಾಳ ಮಣಿಕಟ್ಟು ಹಿಡಿದು ಬಾಯಮ್ಮ ಅವಳ ಕೈಯನ್ನು ಹಿಟ್ಟಿನಲ್ಲಿ ಅದ್ದಿದರು. ಪುದೀನ ವಾಸನೆ ಮೂಗಿಗೆ ಹೋದದ್ದೇ ಗುನಿಲ್ಲಾ ಅಭ್ಯಾಸಬಲದಿಂದ ಆ ಎಂದು ಬಾಯಿ ತೆರೆದಳು. ಹಿಟ್ಟು ಗಟ್ಟಿಯಾಗುವವರೆಗೆ ಬಾಯಿ ತೆರೆದೇ ಇತ್ತು. "ಮುಚ್ಚು, ನೊಣ ಹೋದೀತು," ಎಂದು ಬಾಯಮ್ಮ ಗದರಿಸಿದರು.

ಆಮೇಲೆ ಕೂರಿಸಿ ನೋಡುವ ದಿನಗಳು. ಪ್ರತಿ ಸಲ ಹಿಡಿಸಿ ಹೇಗಿದೆ ಎಂದು ಕೇಳಿದರೆ ಗುನಿಲ್ಲಾ, "ಚೆನ್ನಾಗಿದೆ," ಎನ್ನುತ್ತಿದ್ದಳು. ಬಾಯಮ್ಮನಿಗೆ ಪಿತ್ತ ನೆತ್ತಿಗೇರುತ್ತಿತ್ತು. "ಹೆಬ್ಬೆರಳು ಬಿಳುಚಿಕೊಂಡಿದೆ, ಚೆನ್ನಾಗಿದೆಯಂತೆ! ಹೀಗೆ ಚೆನ್ನಾಗಿದೆ ಚೆನ್ನಾಗಿದೆ ಅಂತ ಹೇಳಿಯೇ ಈ ದೇಶದ ಅರ್ಧ ಜನರ ಹಲ್ಲನ್ನು ನಾನು ಎರಡೆರಡು ಸಲ ಮಾಡಿದ್ದು. ನೋಯ್ತದಾದ್ರೆ ನೋಯ್ತದೆ ಅಂತ ಹೇಳ್ಲಿಕ್ಕೆ ಏನು ರೋಗ?" ಇದನ್ನು ಅವರು ಶುದ್ಧ ಸ್ವೀಡಿಷಿನಲ್ಲೇ ಹೇಳಿದರು. ಗುನಿಲ್ಲಾ ತನ್ನ ಕೈಯನ್ನು ನೋಡಿಕೊಂಡಳು. "ಇಲ್ಲಿ ಸ್ವಲ್ಪ ಒತ್ತುತ್ತದೆ," ಎಂದಳು. "ಇಲ್ಲೂ. ಇಲ್ಲಿ ಬಹಳ." ಬಾಯಮ್ಮನ ಮುಖ ಅರಳಿತು. ಅರವನ್ನು ಕೈಗೆತ್ತಿಕೊಂಡರು.

ಲೈಸೆನ್ಸ್ ಬಂದ ದಿನ ಬೆರ್ತಿಲನ ಶೆಡ್ಡಿನಲ್ಲಿ ಪಿಸ್ತೂಲು ಕೈ ಬದಲಾಯಿಸಿತು. ಬಾಯಮ್ಮ ಅದರ ನೀಲಿ ಪಕ್ಕವನ್ನು ಸೆರಗಿನ ತುದಿಯಿಂದ ಒರೆಸಿದರು. ತಮ್ಮ ಬೆರಳಚ್ಚು ಉಳಿಯಬಾರದೆಂದು ಮತ್ತೊಮ್ಮೆ ಒರೆಸಿ ಕೊಟ್ಟರು. ಕಾರಿನಲ್ಲಿ ಮನೆಯವರೆಗೂ ಅವರು ಮಾತಾಡಲಿಲ್ಲ. ಬಾಯಮ್ಮ ಮಾತಾಡದೆ ಕೂತ ಪ್ರಯಾಣ ನನ್ನ ನೆನಪಿನಲ್ಲಿ ಅದೊಂದೇ.

ಮರುವರ್ಷದ ಸ್ಪರ್ಧೆಗೆ ನಾನು ಸುಮ್ಮನೆ ನೋಡಲೆಂದು ಹೋಗಿದ್ದೆ. ಗುನಿಲ್ಲಾ ತನ್ನದೇ ಹಳೆಯ ಅಂಕಗಳನ್ನೆಲ್ಲ ಮೀರಿಸಿ ಗೆದ್ದಳು. ಆ ರಾತ್ರಿ ಕಾಯಲಾರದೆ, ಮಂಗಳೂರಿನಲ್ಲಿ ಬೆಳಕು ಹರಿದ ಕೂಡಲೇ ವಿಡಿಯೋ ಕರೆ ಮಾಡಿದೆ. ಬಾಯಮ್ಮ ಕನ್ನಡಕ ಹುಡುಕುತ್ತ ಬಂದರು. ಹಿಂದೆ ಪೊರ್ಬುಗಳು ಕಾಫಿ ಲೋಟ ಹಿಡಿದು ನಿಂತರು. ಅಂಕ ಹೇಳಿದೆ.

"ಅಷ್ಟಾ?" ಎಂದರು. ಬೆರಳಲ್ಲಿ ಲೆಕ್ಕ ಹಾಕಿ, "ನನ್ನದಕ್ಕಿಂತ ತುಂಬಾ ಹೆಚ್ಚಾಯ್ತು," ಎಂದರು. ಕನ್ನಡಕ ಮೇಲೆ ಸರಿಸಿದರು. "ಹಿಡಿ ಯಾರು ಮಾಡಿದ್ದು ಅಂತ ಹೇಳಿದ್ಳಾ ಇಲ್ವಾ?"

ಹೇಳಿದ್ದಳು. ಪದಕ ಕೊಟ್ಟ ಮೇಲೆ, ಎಂದೂ ಬಾಯಿ ಬಿಡದ ಗುನಿಲ್ಲಾ ತಾನಾಗಿ ಮೈಕು ತೆಗೆದುಕೊಂಡಿದ್ದಳು. ಅವಳ ಮಾತನ್ನು ನಾನು ಬಾಯಮ್ಮನಿಗೆ ಹಾಗೆಯೇ ಒಪ್ಪಿಸಿದೆ: "ಇದನ್ನು ಮಾಡಿದ ಹೆಂಗಸು ನನಗೆ ಮೂರು ಸಲ ಬೈದಿದ್ದಾಳೆ. ಮೂರು ಸಲವೂ ಅವಳು ಹೇಳಿದ್ದೇ ಸರಿಯಾಗಿತ್ತು."

ಬಾಯಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮತ್ತೆ ಹಾಕಿಕೊಂಡು ಪರದೆಯ ಹತ್ತಿರಕ್ಕೆ ಬಂದರು.

"ಮೂರಲ್ಲ, ನಾಲ್ಕು," ಎಂದರು. "ಒಂದು ಸಲ ಅವಳಿಗೆ ಕೇಳ್ಲಿಲ್ಲ. ಮಫ್ ಹಾಕಿದ್ಳು."